ಒಂದು ಕಾಫಿಯಷ್ಟು ಹೊತ್ತು

ಸಮಾಧಿಗೆ ಮಣ್ಣು ಹಾಕಿ ಬಂದ ಮರುದಿನ ಬೆಳಿಗ್ಗೆ ಲೆಂಪಿಗೆ ನೆನಪಾದದ್ದು ಗಂಡನ ಮುಖವಲ್ಲ, ಅವನು ಮೀನು ಹಿಡಿಯಲು ನೀರಿಗಿಳಿಸುತ್ತಿದ್ದ ತಂತಿಯ ಕೂಳಿಗಳು. ಆರ್ವೊ ಸತ್ತದ್ದು ಬೀವರ್ ಪ್ರಾಣಿಗಳು ತೊರೆಗೆ ಕಟ್ಟೆ ಕಟ್ಟಿ ಮಾಡಿದ ಹೊಂಡದ ಪಕ್ಕ ನಿಲ್ಲಿಸಿದ ಪಿಕಪ್ಪಿನಲ್ಲಿ, ಸ್ಟಿಯರಿಂಗಿನ ಮೇಲೆ ತಲೆಯಿಟ್ಟು. ಮೊಣಕಾಲುದ್ದದ ರಬ್ಬರ್ ಬೂಟು ಇನ್ನೂ ಒದ್ದೆಯಾಗಿತ್ತಂತೆ. ಅಂದರೆ ಕೂಳಿ ಇಟ್ಟು ಮುಗಿಸಿಯೇ ಹೋಗಿದ್ದ. ಹೆಣ ತಂದವರು, ಪೆಟ್ಟಿಗೆ ಹೊತ್ತವರು, ಚರ್ಚಿನ ನೆಲಮಾಳಿಗೆಯಲ್ಲಿ ಹಂದಿಮಾಂಸದ ಸ್ಯಾಂಡ್‌ವಿಚ್ ತಿಂದು ಹೋದವರು, ಯಾರೊಬ್ಬರಿಗೂ ನೀರಿನಲ್ಲಿ ಉಳಿದ ಮೀನಿನ ಯೋಚನೆ ಬಂದಿರಲಿಲ್ಲ.

ಲೆಂಪಿ ಅತ್ತಿರಲಿಲ್ಲ. ಅಳಬಾರದೆಂಬ ಹಟವೇನೂ ಇರಲಿಲ್ಲ, ಬರಲಿಲ್ಲ ಅಷ್ಟೆ. "ಒಂದ್ಸಲ ಅತ್ತುಬಿಡು ಲೆಂಪಿ, ಹಗುರ ಆಗುತ್ತೆ" ಎಂದು ಪಾದ್ರಿಯ ಹೆಂಡತಿ ಬೆನ್ನು ಸವರಿದಾಗ, ಆಕೆ ತಂದಿದ್ದ ಪಾತ್ರೆಯನ್ನು ತೊಳೆದು ಒರೆಸಿ ಕೈಗೆ ಕೊಟ್ಟಿದ್ದಳು. ಮೈಯೆಲ್ಲ ಜೋಮು ಹಿಡಿದಂತಿತ್ತು.

ಆದರೆ ಈ ಮೀನು ಮಾತ್ರ ಸಾಯಬಾರದು ಎಂದು ಅವಳಿಗೆ ಅನ್ನಿಸಿತು. ಅವನ ಕೈ ಕೊನೆಯದಾಗಿ ಮಾಡಿದ ಕೆಲಸ ಅದು. ಮೈದುನ ಒನ್ನಿಗೆ ಫೋನ್ ಮಾಡಿ, "ಗಾಡಿ ತಗೊಂಡ್ ಬಾ. ಬಕೆಟ್ಟೂ ಇರ್ಲಿ" ಎಂದಳು.

ಆರ್ವೊ, ಲೆಂಪಿ ದಂಪತಿಯದ್ದು ಅಮೆರಿಕದ ಮಿನ್ನೆಸೊಟಾದ ಉತ್ತರ ತುದಿಯಲ್ಲಿ ಗಾಳಕ್ಕೆ ಸಿಕ್ಕಿಸುವ ಮೀನಿನ ಅಂಗಡಿ. ಬೆರಳುದ್ದದ ಮಿನ್ನೋ ಮೀನನ್ನು ಅವನು ಜೀವಂತ ಹಿಡಿದು ತರುತ್ತಿದ್ದ, ಇವಳು ಬಲೆಸೌಟಿನಲ್ಲಿ ಮೊಗೆದು, ನೀರು ತುಂಬಿದ ಚೀಲಕ್ಕೆ ಹಾಕಿ ಮಾರುತ್ತಿದ್ದಳು. ಜೊತೆಗೆ ಗಿರಾಕಿಗಳಿಗೆಲ್ಲ ಪುಕ್ಕಟೆ ಪಾಠ: "ಚೀಲಾನ ಮೊದ್ಲು ನಿಮ್ ಕೆರೆ ನೀರಲ್ಲಿ ತೇಲಿಬಿಡಿ. ಸೀದಾ ಸುರಿದ್ರೆ ಸಾಯ್ತವೆ. ಆಮೇಲೆ ನನ್ ಹತ್ರ ಬಂದು ಗೋಳಾಡ್ಬೇಡಿ." ಎಷ್ಟು ಹೊತ್ತು ಎಂದು ಯಾರಾದರೂ ಕೇಳಿದರೆ ಹಿತ್ತಲಿನ ಕಡೆ ತಿರುಗಿ ಕೂಗುತ್ತಿದ್ದಳು, "ಆರ್ವೊ, ಎಷ್ಟು ಹೊತ್ತು?" ತೊಟ್ಟಿಯ ಬಳಿಯಿಂದ ಉತ್ತರ ಬರುತ್ತಿತ್ತು, "ಒಂದು ಕಾಫಿಯಷ್ಟು ಹೊತ್ತು." ಇಷ್ಟು ವರ್ಷದಲ್ಲಿ ಆ ಉತ್ತರ ಬದಲಾದದ್ದಿಲ್ಲ, ಇವಳು ಕೇಳುವುದೂ ಬಿಟ್ಟಿರಲಿಲ್ಲ.

ಹೊಂಡದ ದಂಡೆಯಲ್ಲಿ ಒನ್ನಿ ಕೋಲಿನಿಂದ ನೀರು ಕದಡಿ ಕದಡಿ ಸುಸ್ತಾದ. ಕೂಳಿ ಕದಿಯುವವರ ಕಾಟಕ್ಕೆ ಹೆದರಿ ಆರ್ವೊ ಮೇಲೊಂದು ಗುರುತನ್ನೂ ಬಿಡುತ್ತಿರಲಿಲ್ಲ.

"ನಿನ್ ಗಂಡ ಸ್ವಂತ ತಮ್ಮನನ್ನೂ ನಂಬಲಿಲ್ಲ ನೋಡು" ಎಂದ ಒನ್ನಿ.

"ನಂಬಿದ್ರೆ ನೀನೇ ಕದೀತಿದ್ದೆ" ಎಂದಳು ಲೆಂಪಿ. ಇಬ್ಬರೂ ನಗಲಿಲ್ಲ.

ಲೆಂಪಿ ಹಿಂದೆಂದೂ ಈ ದಂಡೆಗೆ ಬಂದವಳೇ ಅಲ್ಲ. ಆದರೆ ಅವನ ಅಂಗಿ ಒಗೆದವಳು. ಎಡತೋಳು ಹೆಗಲಿನ ತನಕ ಕಂದು ಕಲೆ, ಬಲತೋಳು ಸ್ವಚ್ಛ; ಎಷ್ಟು ಉಜ್ಜಿದರೂ ಹೋಗದ ಆ ಕಲೆಗಾಗಿ ಅವನಿಗೆ ಸಹಸ್ರನಾಮ ಮಾಡಿದ್ದಳು. ಈಗ ಬಾಗಿದ ಆಲ್ಡರ್ ಗಿಡವೊಂದರ ಬುಡದಲ್ಲಿ ಮಂಡಿಯೂರಿ, ಬಲಗೈಯಲ್ಲಿ ಗಿಡ ಹಿಡಿದು, ಎಡಗೈಯನ್ನು ಹೆಗಲು ಮುಳುಗುವ ತನಕ ನೀರಿಗೆ ಇಳಿಸಿದಳು. ಬೇರಿನ ಅಡಿಯಲ್ಲಿ ಹಗ್ಗ ಸಿಕ್ಕಿತು.

ಮೊದಲ ಕೂಳಿ ಎಳೆದರೆ ನಾತ. ನಿಂತ ನೀರಿನಲ್ಲಿದ್ದ ಮೀನೆಲ್ಲ ಸತ್ತು ಬೆಳ್ಳಗಾಗಿತ್ತು. ಬೀವರ್ ಕಟ್ಟೆಯಿಂದ ನೀರು ಹರಿಯುವ ಜಾಗದಲ್ಲಿ ಮಾತ್ರ ಇನ್ನೆರಡು ಕೂಳಿಗಳು ಸಿಕ್ಕವು. ತಂತಿಯೊಳಗೆ ಮೀನು ಪಟಪಟನೆ ಬಡಿದುಕೊಳ್ಳುತ್ತಿದ್ದವು. ಆಮಿಷದ ಗೂಡಿನಲ್ಲಿ ಕಪ್ಪು ರೈ ಬ್ರೆಡ್ಡಿನ ಅಂಚು, ನೆನೆದು ಉಬ್ಬಿತ್ತು. ಅವಳೇ ಬೇಯಿಸಿದ ಬ್ರೆಡ್ಡು. ಅಂಚು ಅಂದರೆ ನನಗೆ ಪ್ರಾಣ ಎಂದು ಹೇಳಿ ಆರ್ವೊ ಪ್ರತಿ ವಾರ ಕಾಗದದಲ್ಲಿ ಸುತ್ತಿಕೊಂಡು ಹೋಗುತ್ತಿದ್ದ.

"ಕಳ್ಳ" ಎಂದಳು ಲೆಂಪಿ. ನಾಲ್ಕು ದಿನದಲ್ಲಿ ಮೊದಲ ಬಾರಿಗೆ ಅವಳ ದನಿಯಲ್ಲಿ ಸ್ವಲ್ಪ ಬಿಸಿಯಿತ್ತು.

ಮೀನು ಎರಡು ಬಕೆಟ್ ತುಂಬಿದವು. ದಾರಿಯುದ್ದಕ್ಕೂ ಅವಳು ಪಿಕಪ್ಪಿನ ಹಿಂಬದಿಯಲ್ಲೇ ಕೂತು, ನೀರು ತುಳುಕದಂತೆ ಎರಡನ್ನೂ ತಬ್ಬಿ ಹಿಡಿದುಕೊಂಡಿದ್ದಳು. ಅಂಗಡಿಯ ಹಿತ್ತಲಿಗೆ ಬಂದು, ಬಾವಿಯ ನೀರು ಹರಿಯುವ ಸಿಮೆಂಟು ತೊಟ್ಟಿಗೆ ಒಂದು ಬಕೆಟ್ಟನ್ನು ಎತ್ತಿ ಸುರಿದಳು.

ಜೂನ್ ತಿಂಗಳ ಬಿಸಿಲಿಗೆ ಹೊಂಡದ ನೀರು ಬೆಚ್ಚಗಿತ್ತು. ಬಾವಿಯ ನೀರು ಮಂಜುಗಡ್ಡೆ.

ಮೀನು ಒಮ್ಮೆ ಚೆದುರಿ ಓಡಿದವು. ಆಮೇಲೆ ಓರೆಯಾದವು. ಒಂದೊಂದಾಗಿ ಹೊಟ್ಟೆ ಮೇಲೆ ಮಾಡಿ ತೇಲಿದವು. ಊರಿಗೆಲ್ಲ ಪಾಠ ಹೇಳಿದವಳು ಖಾಲಿ ಬಕೆಟ್ ಹಿಡಿದು ನಿಂತೇ ಇದ್ದಳು.

ಒನ್ನಿ ಗೋಡೆಗೆ ಒರಗಿಸಿದ್ದ ಆರ್ವೊನ ಮೂರುಕಾಲಿನ ಸ್ಟೂಲನ್ನು ತಂದು ಉಳಿದ ಬಕೆಟ್ಟಿನ ಪಕ್ಕ ಇಟ್ಟ. ಅದರ ಮೇಲೆ ಕೂತೇ ಆರ್ವೊ ದಿನಾ ಕಾಲಹರಣ ಮಾಡುತ್ತಿದ್ದದ್ದು, ಅಥವಾ ಲೆಂಪಿ ಹಾಗಂದುಕೊಂಡದ್ದು. "ಒಳಗೆ ಕೆಲ್ಸ ಬಿದ್ದಿದೆ, ನೀನಿಲ್ಲಿ ಮೀನಿನ ಜೊತೆ ಸಂಸಾರ ಮಾಡು" ಎಂದು ರೇಗುತ್ತಿದ್ದಳು. ಮೊಳೆಗೆ ನೇತುಹಾಕಿದ್ದ ತಗಡಿನ ಲೋಟ ಈಗ ಕಣ್ಣಿಗೆ ಬಿತ್ತು. ಕೂತಳು. ತೊಟ್ಟಿಯಿಂದ ಒಂದು ಲೋಟ ತಣ್ಣೀರು ತೆಗೆದು ಬಕೆಟ್ಟಿಗೆ ಹಾಕಿದಳು. ಸುಮ್ಮನೆ ಕಾದಳು. ಇನ್ನೊಂದು ಲೋಟ ಹಾಕಿದಳು. ಮೀನು ಓಡಾಡುತ್ತಲೇ ಇದ್ದವು.

ಅಷ್ಟರಲ್ಲಿ ಹಾಲಿನ ಲಾರಿಯ ಸೊರೆನ್ಸನ್ ಹಿತ್ತಲಿಗೇ ಬಂದ. ಅವನು ಬೇರೆ ಊರಿಗೆ ಹೋಗಿದ್ದವನು, ಸುದ್ದಿ ತಿಳಿದಿರಲಿಲ್ಲ.

"ಏನ್ ಲೆಂಪಿ, ಬಡ್ತಿ ಸಿಕ್ತಾ? ಆರ್ವೊನ ಕುರ್ಚೀಲಿ ಕೂತಿದ್ದೀಯ" ಎಂದ. "ನಂಗೆರಡು ಸೌಟು ಮೀನು ಕೊಡು, ದೋಣಿ ಕಾಯ್ತಾ ಇದೆ."

"ಇವಿನ್ನೂ ನೀರಿಗೆ ಒಗ್ಗಿಲ್ಲ."

"ಎಷ್ಟು ಹೊತ್ತಾಗುತ್ತೆ?"

ಅವಳು ಬಕೆಟ್ಟಿನಿಂದ ಕಣ್ಣು ತೆಗೆಯದೆ, ಕತ್ತನ್ನಷ್ಟೇ ಪಕ್ಕಕ್ಕೆ ತಿರುಗಿಸಿ, ಎಂದಿನ ದನಿಯಲ್ಲಿ ಕೂಗಿದಳು. "ಆರ್ವೊ, ಎಷ್ಟು ಹೊತ್ತು?"

ತೊಟ್ಟಿಗೆ ನೀರು ಬೀಳುವ ಸದ್ದು ಮಾತ್ರ ಕೇಳಿಸಿತು. ಒನ್ನಿ ಮುಖ ಆಚೆ ತಿರುಗಿಸಿಕೊಂಡ. ಸೊರೆನ್ಸನ್ ಒಮ್ಮೆ ಅವನನ್ನು, ಒಮ್ಮೆ ಲೆಂಪಿಯನ್ನು ನೋಡಿ, ಮೆಲ್ಲಗೆ ಟೋಪಿ ತೆಗೆದ.

ಉತ್ತರ ಕೊಡಬೇಕಾದ ಜಾಗದಲ್ಲಿ ತಾನೇ ಕೂತಿದ್ದೇನೆ ಎಂಬುದು ಲೆಂಪಿಗೆ ಆಗ ತಿಳಿಯಿತು.

"ಒಂದು ಕಾಫಿಯಷ್ಟು" ಎಂದಳು. "ಹೊತ್ತು" ಎನ್ನುವಷ್ಟರಲ್ಲಿ ಅಳು ಬಂದೇಬಿಟ್ಟಿತು; ಕೈಯಲ್ಲಿದ್ದ ಲೋಟದ ನೀರು ಮಡಿಲಿಗೆಲ್ಲ ಚೆಲ್ಲಿತು.