ಬೆನಕಪ್ಪನ ಚಾದಂಗಡಿಯ ಮಹಜರು

“ಒಂದ ಹೊಟ್ಟ್ಯಾಗ ಎರಡು ಜಾತಿ ಹೆಂಗ ಹುಟ್ಟಿದ್ವು? ನಿಮ್ಮವ್ವನ್ನ ಕೇಳೀಯೇನು?”

ಕಂದಾಯ ಇಲಾಖೆಯ ಆರ್.ಐ. ವೀರಭದ್ರಯ್ಯನವರು ಎರಡು ಕಾಗದಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡಿದ್ದರು. ಒಂದು ನನ್ನ ಕಾಲೇಜು ದಿನಗಳ ಜಾತಿ ಪ್ರಮಾಣಪತ್ರ. ಅದರಲ್ಲಿ ಪರಿಶಿಷ್ಟ ಜಾತಿ, ಮಾದಿಗ ಎಂದಿತ್ತು. ಇನ್ನೊಂದು ನನ್ನ ತಂಗಿ ದುರ್ಗಾದೇವಿಯ ಹೈಸ್ಕೂಲಿನ ಟಿ.ಸಿ. ಅದರಲ್ಲಿ ಹಿಂದೂ, ಲಿಂಗಾಯತ ಎಂದಿತ್ತು. ಕಚೇರಿಯಲ್ಲಿ ಪಹಣಿಗೆ ಬಂದವರು, ಪಿಂಚಣಿಗೆ ಬಂದವರು ಹತ್ತಿಪ್ಪತ್ತು ಜನ ನಿಂತಿದ್ದರು. ಯಾರೋ ನಕ್ಕರು.

ಅವ್ವ ಸತ್ತು ಒಂಬತ್ತು ವರ್ಷವಾಗಿತ್ತು.

“ತಪ್ಪಾಗೇತ್ರಿ ಸರ್,” ಎಂದೆ.

“ತಪ್ಪು ಅಂದ್ರ? ಐದು ವರ್ಷ ನಮ್ಮ ಜಾತಿ ಹೊದ್ಕಂಡು ಬೆಚ್ಚಗ ಮಲಗಿದ್ರಿ. ಡಾಕ್ಟರ್ ಸೀಟಿನ ವಾಸನಿ ಬಂದ ಕೂಡ್ಲೇ ಒದ್ದು ಎದ್ರಿ. ನೀನು ಎಂ.ಎ. ಓದೀಯಂತ?”

“ಹೌದ್ರಿ.”

“ಯಾವುದ್ರಾಗ?”

“ಕನ್ನಡದಾಗ್ರಿ.”

“ಹಂಗಾದ್ರ ಅರ್ಜಿ ತುಂಬೋವಾಗ ಲಿಂಗಾಯತ ಅಂತ ಬರೆದಿದ್ದು ಓದಾಕ ಬರ್ತಿತ್ತಲ್ಲ.”

ಬರುತ್ತಿತ್ತು.

ದುರ್ಗಿ ನನ್ನ ಪಕ್ಕದಲ್ಲೇ ನಿಂತಿದ್ದಳು. ಸಿ.ಇ.ಟಿ. ಅರ್ಜಿಯಲ್ಲಿ ಅವಳು ಜಾತಿಯನ್ನು ಸರಿಯಾಗಿಯೇ ಬರೆದಿದ್ದಳು. ಪರಿಶಿಷ್ಟರ ಪಟ್ಟಿಯಲ್ಲಿ ಅವಳಿಗೆ ಸರ್ಕಾರಿ ಮೆಡಿಕಲ್ ಸೀಟು ಸಿಗುವಂಥ ರ್‍ಯಾಂಕು ಬಂದಿತ್ತು. ಸೋಮವಾರ ಬೆಂಗಳೂರಿನ ಕೌನ್ಸೆಲಿಂಗಿನಲ್ಲಿ ಪ್ರಮಾಣಪತ್ರ ತೋರಿಸಬೇಕು. ತೋರಿಸದಿದ್ದರೆ ಅವಳ ಹೆಸರು ಆ ಪಟ್ಟಿಯಿಂದ ಹೋಗುತ್ತದೆ. ಅಂದು ಗುರುವಾರ. ಶನಿವಾರ ಕಚೇರಿಗೆ ರಜೆ.

“ನಾಳೆ ನಿಮ್ಮೂರಿಗೆ ಬರ್ತೀನಿ. ಮಹಜರು ಆಗ್ಬೇಕು. ಊರಾಗ ದೊಡ್ಡೋರು ಇಬ್ಬರು, ಬ್ಯಾರೆ ಜಾತಿಯೋರು, ಇವರು ಮಾದಿಗರು ಹೌದು ಅಂತ ಸಹಿ ಹಾಕ್ಬೇಕು. ನಿಮ್ಮ ಓಣಿಯೋರ ಹೆಬ್ಬೆಟ್ಟು ನಡೆಯಂಗಿಲ್ಲ. ನೀವು ನೀವ ಹೇಳ್ಕಂಡ್ರ ನಂಬೋರು ಯಾರು? ಇವತ್ತೊಂದು ಹೇಳ್ತೀರಿ, ನಾಳಿಗೊಂದು.”

ಆಗಲಿ ಎಂದು ಕೈಮುಗಿದೆ. ದುರ್ಗಿ ಕೈಮುಗಿಯಲಿಲ್ಲ. ನಾನೇ ಅವಳ ರಟ್ಟೆ ತಿವಿದೆ.

* * *

ಆ ಟಿ.ಸಿ. ಆದದ್ದು ಹೀಗೆ.

ನನ್ನ ಗಂಡ ಹುಲುಗೇಶ ಕೊಟ್ಟೂರಿನ ಖಾಸಗಿ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದರು. ಮದುವೆಯಾದ ಹೊಸದರಲ್ಲಿ ನಾವು ಏಳು ಮನೆ ನೋಡಿದೆವು. ಎಲ್ಲ ಕಡೆ ಕೊನೆಗೆ ಒಂದೇ ಪ್ರಶ್ನೆ. ಎಂಟನೆಯ ಮನೆ ಲಿಂಗಾಯತರ ನಾಗಲಿಂಗಮ್ಮನವರದು. ಅವರೂ ಕೇಳಿದರು: “ನೀವು ಯಾವ ಪೈಕಿ?”

ಹುಲುಗೇಶ ಚಪ್ಪಲಿ ನೋಡುತ್ತಾ ನಿಂತರು. ನಾನು, “ನಿಮ್ಮ ಪೈಕಿನ ರೀ,” ಎಂದೆ.

ನನ್ನ ಬಾಯಿಂದ ಅಷ್ಟು ಸುಲಭವಾಗಿ ಬಂದುಬಿಟ್ಟಿತು. ನಾಗಲಿಂಗಮ್ಮ ಒಳಗೆ ಕರೆದು ಬೆಲ್ಲ ನೀರು ಕೊಟ್ಟರು.

ಮರುವರ್ಷ ದುರ್ಗಿಯನ್ನು ಎಂಟನೆಯ ತರಗತಿಗೆ ಕರೆತಂದೆವು. ನಾಗಲಿಂಗಮ್ಮನ ತಮ್ಮ ಅಲ್ಲಿನ ಹೈಸ್ಕೂಲೊಂದರಲ್ಲಿ ಗುಮಾಸ್ತ. ಊರ ಶಾಲೆಯ ಕಾಗದದಲ್ಲಿ ಬರೀ ‘ಹಿಂದೂ’ ಎಂದಿತ್ತು. ಮುಂದಿನದನ್ನು ಆತನೇ ಪ್ರೀತಿಯಿಂದ ತುಂಬಿದ. ನಾನು ಓದಿ ನೋಡಿ ಸಹಿ ಹಾಕಿದೆ. ಮನೆಗೆ ಬಂದ ಮೇಲೆ ಹುಲುಗೇಶ, “ಮುಂದ ಇದನ್ನ ಹೆಂಗ ಬಿಡಿಸಿಕೊಳ್ತೀ?” ಎಂದು ಕೇಳಿದರು. ಮುಂದಿನದು ಮುಂದೆ ಎಂದೆ.

ದುರ್ಗಿ ಮೊದಲ ಪಿ.ಯು.ಸಿ.ಯಲ್ಲಿದ್ದಾಗ ಹುಲುಗೇಶ ಕಾಮಾಲೆಯಿಂದ ಸತ್ತರು. ಊರಿಂದ ಮಣ್ಣಿಗೆ ಬಂದವರನ್ನು ನೋಡಿ ನಾಗಲಿಂಗಮ್ಮನಿಗೆ ಎಲ್ಲ ತಿಳಿಯಿತು. ಹೆಣ ಇನ್ನೂ ಪಡಸಾಲೆಯಲ್ಲೇ ಇತ್ತು.

“ಗಂಡನ್ನ ತಿಂದಿ, ನಮ್ಮ ಮನೀನೂ ಹೊಲಸು ಮಾಡಿದಿ,” ಎಂದರು. “ನನ್ನ ಅಡಿಗಿಮನಿತನ ಬಂದಿದ್ಯಲ್ಲೇ ಮುಂಡೆ, ನನ್ನ ಕೈಯಾಗಿನ ರೊಟ್ಟಿ ಕಸಗಂಡು ತಟ್ಟಿದ್ಯಲ್ಲೇ.”

ಅದು ನಿಜ. ಅವರಿಗೆ ಕೈ ನೋವಿದ್ದ ದಿನಗಳಲ್ಲಿ ಅವರ ರೊಟ್ಟಿಯನ್ನೂ ನಾನೇ ತಟ್ಟುತ್ತಿದ್ದೆ.

ಆ ದಿನ ನಾನು ಹುಲುಗೇಶರಿಗಾಗಿ ಅತ್ತೆನೋ ಬೇರೆ ಯಾವುದಕ್ಕೋ, ಈಗ ನೆನಪಿಲ್ಲ.

* * *

ಶುಕ್ರವಾರ ಬೆಳಿಗ್ಗೆ ಕಾನಹೊಸಹಳ್ಳಿಯಲ್ಲಿ ಬಸ್ಸು ಇಳಿದು ಊರ ಕಡೆ ನಡೆದೆವು. ಹಳ್ಳ ದಾಟಿದ ಮೇಲೆ ದುರ್ಗಿ ಕೇಳಿದಳು: “ಅಕ್ಕಾ, ಇವತ್ತು ಯಾರಾದ್ರೂ ಕೇಳಿದ್ರ ನಾವು ಯಾರಂತ ಹೇಳ್ಬೇಕು? ಮೊದ್ಲ ಹೇಳಿಬಿಡು.”

ನಾನು ಮುಂದೆ ಮುಂದೆ ನಡೆದೆ.

ಹನ್ನೊಂದಕ್ಕೆ ಬರುತ್ತೇನೆಂದ ಆರ್.ಐ. ಬಂದದ್ದು ಎರಡೂವರೆಗೆ. ಬೈಕನ್ನು ಬೆನಕಪ್ಪನ ಚಾದಂಗಡಿ ಮುಂದೆ ನಿಲ್ಲಿಸಿ ಬೆಂಚಿನ ಮೇಲೆ ಕೂತರು. ಗುರುಸಂಗಪ್ಪ ಗೌಡನಿಗೆ ಹೇಳಿ ಕಳಿಸಿದರು. ನಮ್ಮಪ್ಪ, ಬೊಮ್ಮಪ್ಪ, ಅದೇ ಗೌಡನ ಹೊಲದಲ್ಲಿ ಕೆಲಸದಲ್ಲಿದ್ದ. ಗೌಡನ ಹಿಂದೆ ಹತ್ತು ಮಾರು ಬಿಟ್ಟುಕೊಂಡು, ಕೈಯಲ್ಲಿ ಕುಡುಗೋಲು ಹಿಡಿದೇ ಬಂದ.

ಚಾದಂಗಡಿಯ ಬಲಗೋಡೆಯಲ್ಲಿ, ಹೊರಗಿನಿಂದ ಕೈ ಹಾಕುವಂತೆ, ಒಂದು ಗೂಡಿದೆ. ನಮ್ಮ ಓಣಿಯವರ ಗ್ಲಾಸುಗಳನ್ನು ಅದರಲ್ಲಿ ಇಡುತ್ತಿದ್ದರು. ನಾವು ಗ್ಲಾಸು ತೆಗೆದುಕೊಂಡು ನಿಲ್ಲಬೇಕು. ಬೆನಕಪ್ಪ ಮೇಲಿನಿಂದ ಚಹಾ ಹೊಯ್ಯುತ್ತಿದ್ದ. ಕುಡಿದ ಮೇಲೆ ತೊಳೆದು ಮತ್ತೆ ಗೂಡಿನಲ್ಲಿ ಬೋರಲು ಹಾಕಬೇಕು. ಅವತ್ತು ಗೂಡು ಖಾಲಿ ಇತ್ತು. ಸರ್ಕಾರದವರು ಬರುತ್ತಾರೆಂದು ಬೆನಕಪ್ಪ ಬೆಳಿಗ್ಗೆಯೇ ಎಲ್ಲ ತೆಗೆದಿದ್ದ. ಹೋದ ವರ್ಷ ಪಕ್ಕದೂರಿನಲ್ಲಿ ಇಂಥದೇ ಗ್ಲಾಸಿನ ಮೇಲೆ ಕೇಸಾಗಿ ಮೂವರು ಜೈಲು ನೋಡಿ ಬಂದಿದ್ದರು.

“ಗೌಡ್ರ, ಈ ಬೊಮ್ಮಪ್ಪ ಯಾವ ಜಾತಿಯೋನು?” ಆರ್.ಐ. ಪೆನ್ನು ತೆಗೆದರು.

ಗೌಡ ನನ್ನನ್ನು ನೋಡಿದ, ದುರ್ಗಿಯನ್ನು ನೋಡಿದ. ಮೀಸೆಯಡಿ ನಕ್ಕ.

“ನಮ್ಮೂರಾಗ ಹಂತಾ ಭೇದ ಏನಿಲ್ರಿ ಸಾಹೇಬ್ರ. ಎಲ್ಲಾರೂ ಒಂದ ತಾಯಿ ಮಕ್ಕಳಿದ್ದಂಗ ಅದೀವಿ. ನನ್ನ ಹೊಲದಾಗ ದುಡೀತಾನ, ಅಷ್ಟ ಗೊತ್ತು. ಜಾತಿ ಗೀತಿ ನಾವು ಕೇಳಂಗಿಲ್ಲ.”

“ಸಹಿ ಹಾಕ್ಬೇಕಾಗೇತ್ರಿ.”

“ಯಾವುದಕ? ಇವ್ರು ಕೀಳು ಅಂತ ನಾನು ಬರಕೊಡ್ಲೇನು? ನಾಳಿಗೆ ಅದ ಕಾಗದ ಹಿಡ್ಕಂಡು ನನ್ನ ಮ್ಯಾಲ ಕೇಸ್ ಹಾಕ್ತಾರ. ಇಕಿ ಎಂ.ಎ. ಮಾಡ್ಯಾಳ, ಕಾಯ್ದೆ ಓದಿರ್ತಾಳ.” ಅವನು ದುರ್ಗಿಯ ಕಡೆ ತಿರುಗಿದ. “ಏನವ್ವಾ, ಸಾಲ್ಯಾಗ ಲಿಂಗಾಯತರು ಅಂತ ಬರಿಸೀರಂತಲ್ಲ? ಹಂಗಾದ್ರ ನಾವು ನೀವು ಬೀಗರಾತು. ಕೊಳ್ಳಾಗ ಲಿಂಗ ಕಟ್ಕೋ, ಸಾಕು. ಡಾಕ್ಟರಿಕಿ ಯಾಕ ಬೇಕು?”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಆರ್.ಐ. ಕೂಡ ನಕ್ಕರು. ಪೆನ್ನಿಗೆ ಮುಚ್ಚಳ ಹಾಕಿದರು.

“ಸರ್, ಊರಿಗೆಲ್ಲ ಗೊತ್ತೈತ್ರಿ,” ಎಂದೆ.

“ಗೊತ್ತಿದ್ರ ಸಾಲಂಗಿಲ್ಲಮ್ಮ. ಹೇಳೋರು ಬೇಕು.”

ಬೆನಕಪ್ಪ ಚಹಾ ತಂದ. ಆರ್.ಐ.ಗೆ ಕೊಟ್ಟ, ಗೌಡನಿಗೆ ಕೊಟ್ಟ. ಮೂರನೆಯದನ್ನು ಅಪ್ಪನ ಮುಂದೆ ಹಿಡಿದ. ಗೆರೆ ಗೆರೆಯ ಒಳ್ಳೆಯ ಗಾಜಿನ ಗ್ಲಾಸು.

“ತಗೋ ಬೊಮ್ಮಣ್ಣ.”

ಬೆನಕಪ್ಪನ ಬಾಯಲ್ಲಿ ಅಪ್ಪ ಅಣ್ಣನಾದದ್ದು ಅದೇ ಮೊದಲು. ಅಪ್ಪ ಕುಡುಗೋಲನ್ನು ಕೆಳಗಿಟ್ಟು ಎರಡೂ ಕೈ ಚಾಚಿದ. ಗ್ಲಾಸಿನ ಬಿಸಿ ತಾಗಿ ಚಹಾ ಸ್ವಲ್ಪ ಚೆಲ್ಲಿತು.

“ಕುಂದ್ರಲೇ ಬೊಮ್ಮ, ಬೆಂಚಿನ ಮ್ಯಾಲ ಕುಂದ್ರು. ಸಾಹೇಬ್ರು ನೋಡ್ಲಿ,” ಎಂದ ಗೌಡ.

ಅಪ್ಪ ಬೆಂಚಿನ ತುದಿಯಲ್ಲಿ ಕುಳಿತ. ಕುಳಿತನೋ ಇಲ್ಲವೋ ಅನ್ನುವ ಹಾಗೆ. ಚಹಾವನ್ನು ಬೇಗ ಬೇಗ ಕುಡಿದ, ಗಂಟಲು ಸುಟ್ಟಿರಬೇಕು. ಗೌಡ ಆರ್.ಐ. ಕಡೆ ನೋಡಿ ಹುಬ್ಬು ಹಾರಿಸಿದ. ಸೀಟು ಹೋಯಿತು ಎಂದುಕೊಂಡೆ. ಅಪ್ಪ ಆ ಬೆಂಚಿನ ಮೇಲೆ ಕೂತದ್ದನ್ನು ನೋಡುವ ಆಸೆ ನನಗೆ ಚಿಕ್ಕಂದಿನಿಂದಲೂ ಇತ್ತು. ಅವತ್ತು ಮಾತ್ರ, ಯಾಕಾದರೂ ಕೂತನೋ ಎನ್ನಿಸಿತು.

ಅಪ್ಪ ಎದ್ದ. ಖಾಲಿ ಗ್ಲಾಸು ಹಿಡಿದು ಅಂಗಡಿಯ ಬಲಗೋಡೆ ಕಡೆ ಹೋದ.

“ಇಲ್ಲೇ ಇಡು ಬೊಮ್ಮಣ್ಣ,” ಎಂದ ಬೆನಕಪ್ಪ.

ಅಪ್ಪನಿಗೆ ಕೇಳಿಸಲಿಲ್ಲ. ಎಮ್ಮೆಗೆ ನೀರಿಡುವ ಬಾನಿಯಲ್ಲಿ ಗ್ಲಾಸು ಅದ್ದಿ, ಬೆರಳು ಹಾಕಿ ತಿಕ್ಕಿ, ಎರಡು ಸಲ ತೊಳೆದ. ಗೂಡಿಗೆ ಕೈ ಹಾಕಿದ. ಒಳಗೆಲ್ಲ ತಡಕಾಡಿದ.

“ಬೆನಕಪ್ಪಾರ,” ಎಂದು ಅಲ್ಲಿಂದಲೇ ಕೂಗಿದ. “ನಮ್ಮ ಗಲಾಸು ಕಾಣವಲ್ಲವಲ್ರಿ. ಯಾರರ ಕದ್ರೇನು? ಇದನ್ನ ಎಲ್ಲಿ ಬೋರಲ ಹಾಕ್ಲಿ?”

ಅಪ್ಪ ನೀರು ಸೋರುವ ಗ್ಲಾಸನ್ನು ಎತ್ತಿ ಹಿಡಿದು, ನಿಜವಾಗಿಯೂ ಚಿಂತೆಯಿಂದ, ನಮ್ಮೆಲ್ಲರನ್ನೂ ನೋಡುತ್ತಿದ್ದ.

ಮೊದಲು ನಕ್ಕವರು ಆರ್.ಐ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಲೇ ಬೋಳಿಮಗನ,” ಎಂದು ಗೌಡ ಎದ್ದ. “ಒಂದು ಗಲಾಸು ಇಡಾಕ ಬರಂಗಿಲ್ಲೇನಲೇ ನಿನಗ? ಮಾದಿಗ ಸೂಳೇಮಗನ, ಬೆಂಚಿನ ಮ್ಯಾಲ ಕುಂದ್ರಿಸಿದ್ರೂ...”

“ಸಾಕ್ರಿ ಗೌಡ್ರ, ನೀವ ಹೇಳಿದ್ರಲ್ಲ. ಸಿಕ್ತು ಬಿಡ್ರಿ,” ಎಂದು ಆರ್.ಐ. ಕಣ್ಣೊರೆಸಿಕೊಂಡು ಕಾಗದ ತೆಗೆದರು.

ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಅಂಗಡಿಯ ಒಳಗೆ ಮಾತಾಡಿದರು. ಹೊರಗೆ ಬಂದು ಆರ್.ಐ. ನನ್ನನ್ನು ಕರೆದರು.

“ನೋಡಮ್ಮ, ಗೌಡ್ರು ಸಹಿ ಹಾಕ್ತಾರ. ಬೆನಕಪ್ಪನೂ ಹಾಕ್ತಾನ. ಗಲಾಸಿನ ಸುದ್ದಿ ನಾನು ಬರಿಯಂಗಿಲ್ಲ. ಕೆಳಗ ಒಂದು ಸಾಲು ಸೇರಿಸೀನಿ. ಓದಿಕೊಂಡು ನೀನೂ ಸಹಿ ಹಾಕು.”

ಓದಿದೆ. ‘ಸದರಿ ಗ್ರಾಮದಲ್ಲಿ ಅಸ್ಪೃಶ್ಯತೆ ಆಚರಣೆ ಇರುವುದಿಲ್ಲವೆಂದು ಅರ್ಜಿದಾರರ ಕಡೆಯವರು ಒಪ್ಪಿರುತ್ತಾರೆ.’

ಅಕ್ಷರಗಳು ದುಂಡಗಿದ್ದವು. ಅಪ್ಪ ಇನ್ನೂ ಗೋಡೆಯ ಹತ್ತಿರ ಗ್ಲಾಸು ಹಿಡಿದೇ ನಿಂತಿದ್ದ. ಏನು ತಪ್ಪಾಯಿತೆಂದು ಅವನಿಗೆ ಯಾರೂ ಹೇಳಿರಲಿಲ್ಲ. ದುರ್ಗಿ ನನ್ನ ಮುಖವನ್ನೇ ನೋಡುತ್ತಿದ್ದಳು.

ಸಹಿ ಹಾಕಿದೆ. ಗೀತಮ್ಮ, ಎಂ.ಎ. ಎಂದು ಬರೆದೆ. ಎಂ.ಎ. ಎಂದು ಯಾಕೆ ಬರೆದೆನೋ ಗೊತ್ತಿಲ್ಲ.

ಅಪ್ಪನನ್ನು ಕರೆದು ಹೆಬ್ಬೆಟ್ಟು ಒತ್ತಿಸಿದರು. “ನನ್ನಿಂದೇನರ ಕೆಡ್ತೇನವ್ವಾ?” ಎಂದು ಅಪ್ಪ ಮೆಲ್ಲಗೆ ಕೇಳಿದ. “ಇಲ್ಲಪ್ಪ, ಎಲ್ಲಾ ಆತು,” ಎಂದೆ.

“ನಾನು ಮುಂದ ಬ್ಯಾರೆ ಊರಿಗೆ ಹೋಗ್ಬೇಕು,” ಎಂದು ಆರ್.ಐ. ಬೈಕಿನ ಕಡೆ ನಡೆದರು. “ಗೌಡ್ರು ಸಹಿ ಹಾಕಿ ಕೊಡ್ತಾರ. ಆ ಕಾಗದ ತಗಂಡು ಮೂರೂಮುಕ್ಕಾಲಕ್ಕ ಊರಿಗೆ ಬರೋ ಬಸ್ಸಿಗೆ ಹೋಗ್ರಿ. ತಹಶೀಲ್ದಾರ್ರು ಐದಕ್ಕ ಏಳ್ತಾರ. ಅವರು ಎದ್ರ ಮುಗೀತು, ನನ್ನನ್ನ ಕೇಳಬ್ಯಾಡ್ರಿ.”

ಬೆನಕಪ್ಪ ಸಹಿ ಹಾಕಿದ. ಗೌಡ ತೊಡೆಯ ಮೇಲೆ ಕಾಗದವಿಟ್ಟುಕೊಂಡು ನಿಧಾನವಾಗಿ, ಒಂದೊಂದೇ ಅಕ್ಷರವನ್ನು ಕೊರೆದಂತೆ ಸಹಿ ಹಾಕಿದ. ಎದ್ದು ನಮ್ಮ ಮುಂದೆ ಬಂದ. ದುರ್ಗಿ ಬಲಗೈ ಚಾಚಿದಳು. ಗೌಡ ಆ ಕೈಯನ್ನು ನೋಡಿ, ಕಾಗದವನ್ನು ಅದರ ಪಕ್ಕಕ್ಕೆ, ನೆಲಕ್ಕೆ ಬಿಟ್ಟ.

“ತಗೋರಿ ನಿಮ್ಮ ಜಾತಿ.”

ಅಪ್ಪ ತಕ್ಷಣ ಬಗ್ಗಿದ.

“ಅಪ್ಪಾ, ಮುಟ್ಟಬ್ಯಾಡ,” ಎಂದಳು ದುರ್ಗಿ.

ಅಪ್ಪ ಅರ್ಧ ಬಗ್ಗಿದವನು ಹಾಗೇ ನಿಂತ.

“ಗೌಡ್ರ, ಕೈಯಾಗ ಕೊಡ್ರಿ.”

“ಏನಂದಿ?”

“ಕೈಯಾಗ ಕೊಡ್ರಿ.”

ಆರ್.ಐ. ಬೈಕು ಒದೆಯುತ್ತಿದ್ದವರು ನಿಲ್ಲಿಸಿದರು. “ಏ ಹುಡುಗಿ, ಹುಚ್ಚು ಹಿಡದೈತೇನು? ತಗಂಡು ಹೋಗು, ಬಸ್ಸು ಹೋಗತೈತಿ.”

ದುರ್ಗಿ ಅವರ ಕಡೆ ತಿರುಗಲೂ ಇಲ್ಲ. ಅವಳ ಕೈ ಗೌಡನ ಎದೆಯ ಮಟ್ಟಕ್ಕೆ ಚಾಚಿಯೇ ಇತ್ತು. ಗೌಡನ ಕುತ್ತಿಗೆಯ ನರ ಉಬ್ಬಿತು. ಅಂಗಡಿಯ ಒಳಗಿದ್ದವರು ಒಬ್ಬೊಬ್ಬರಾಗಿ ಹೊರಗೆ ಬಂದು ನಿಂತರು. ಹಳ್ಳದ ಆಚೆ ಬಸ್ಸಿನ ಹಾರ್ನ್ ಕೇಳಿಸಿತು.

ಗಾಳಿ ಬಂದು ಕಾಗದ ಒಮ್ಮೆ ಮಗುಚಿತು. ಬಾನಿಯ ಸುತ್ತಲಿನ ಕೆಸರಿಗೆ ಇನ್ನೊಂದು ಮೊಳ ಇತ್ತು.

ನನ್ನ ಬೆನ್ನು ತಾನಾಗಿ ಬಗ್ಗತೊಡಗಿತು. ದುರ್ಗಿ ನನ್ನ ಕಡೆ ನೋಡದೆ, ಎಡಗೈಯಿಂದ ನನ್ನ ರಟ್ಟೆಯನ್ನು ಗಟ್ಟಿಯಾಗಿ ಹಿಡಿದಳು. ಅವಳ ಉಗುರುಗಳು ನನ್ನ ಚರ್ಮದೊಳಗೆ ಇಳಿದವು.