ಶುಕ್ರವಾರದ ಮುದ್ರೆ

ಫ್ಲೋರಿಡಾದ ಈ ಜೈಲಿಗೆ ಬಂದು ಇಪ್ಪತ್ತೆರಡು ವರ್ಷ. ಅದರಲ್ಲಿ ಹದಿನಾಲ್ಕು ವರ್ಷದಿಂದ ಇಲ್ಲಿನ ಕಾನೂನು ಲೈಬ್ರರಿಯ ಗುಮಾಸ್ತ. ನಾನೂ ಕೈದಿಯೇ, ಉಳಿದವರಿಗೆ ಅರ್ಜಿ ಬರೆದುಕೊಡುತ್ತೇನೆ. ಚಾಕು ಹಿಡಿದವನಿಗೆ ನಾನು ಹೆದರುವುದಿಲ್ಲ. ನನಗೆ ಹೆದರಿಕೆ ಕ್ಯಾಲೆಂಡರಿನದು.

ಲಿವೈ ಪಿಂಡರ್‌ಗೆ ಮೂವತ್ತು ವರ್ಷ ಶಿಕ್ಷೆ. ತೀರ್ಪಿನ ದಿನವೇ ಅಪೀಲು ಹಾಕಿ ಎಂದು ತನ್ನ ವಕೀಲೆಗೆ ಹೇಳಿದ್ದ. ಆಕೆ ಹೂಂ ಅಂದಳು, ಹಾಕಲಿಲ್ಲ. ಮೂವತ್ತು ದಿನದ ಗಡುವು ಕಳೆದೇಹೋಯಿತು. ಹಾಗೆ ತಪ್ಪಿದ ಅಪೀಲನ್ನು ತಡವಾಗಿಯಾದರೂ ಕೇಳಿ ಎಂದು ಬೇಡಿಕೊಳ್ಳಲು ಇನ್ನೆರಡು ವರ್ಷ ಕೊಡುತ್ತಾರೆ. ಆ ಎರಡು ವರ್ಷ ಅವತ್ತು, ಶುಕ್ರವಾರ, ಮುಗಿಯುತ್ತಿತ್ತು.

ನಮ್ಮ ಕಾಗದ ಕೋರ್ಟಿಗೆ ಎಂದು ಮುಟ್ಟಿತು ಅನ್ನುವುದು ಮುಖ್ಯವಲ್ಲ, ಜೈಲಿನವರ ಕೈಗೆ ಎಂದು ಕೊಟ್ಟೆವು ಅನ್ನುವುದೇ ಮುಖ್ಯ. ಲಕೋಟೆ ಅಂಟಿಸದೆ ಟಪಾಲಿನ ಸಾರ್ಜೆಂಟ್ ಮ್ಯಾಥಿಸ್ ಮುಂದೆ ಇಡಬೇಕು. ಆಕೆ ದಿನಾಂಕದ ಮುದ್ರೆ ಒತ್ತುತ್ತಾಳೆ, ಪಕ್ಕದಲ್ಲಿ ನಾವು ಚಿಕ್ಕ ರುಜು ಹಾಕುತ್ತೇವೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ಪೂಜಾರಿ ಆ ಮುದ್ರೆ.

"ಮೂರು ಗಂಟೆಗೆ ಟಪಾಲಿನ ಕಿಟಕಿ ತೆಗೀತಾರೆ. ಅವಳ ಕೈಗೇ ಕೊಡು," ಎಂದು ಬೆಳಿಗ್ಗೆ ಪಿಂಡರ್‌ಗೆ ಹೇಳಿ ಅರ್ಜಿ ಕೊಟ್ಟಿದ್ದೆ.

ಎರಡೂವರೆಗೆ ತಲೆ ಎಣಿಕೆ ತಾಳೆಯಾಗಲಿಲ್ಲ. ಇದ್ದವರು ಇದ್ದಲ್ಲೇ ನಿಲ್ಲಬೇಕು. ನಾನು ಲೈಬ್ರರಿಯಲ್ಲಿ, ಅವನು ತನ್ನ ಬ್ಯಾರಕ್ಕಿನಲ್ಲಿ. ಮೂರಾಯಿತು, ಮೂರೂಕಾಲಾಯಿತು. ನಾಲ್ಕಕ್ಕೆ ಮ್ಯಾಥಿಸ್ ಮನೆಗೆ ಹೊರಡುತ್ತಾಳೆ.

ಮೂರೂ ನಲವತ್ತಕ್ಕೆ ಬಿಟ್ಟರು. ಓಡಿದರೆ ಶಿಕ್ಷೆ, ಓಡದೆ ಎಷ್ಟು ಬೇಗ ನಡೆಯಬಹುದೋ ಅಷ್ಟು ಬೇಗ ನಡೆದೆ. ಅಂಗಳದಲ್ಲಿ ಪಿಂಡರ್ ನಗುತ್ತಾ ಎದುರಾದ. ಕೈ ಖಾಲಿ.

"ಕೆಲಸ ಆಯ್ತು ಅಂಕಲ್. ಎಣಿಕೆ ಮುಗಿಯೋ ಹಾಗೆ ಕಾಣ್ಲಿಲ್ಲ. ಲೇಟಾಗುತ್ತೆ ಅಂತ ನಮ್ಮ ಬಾಗಿಲ ಹತ್ರ ಇರೋ ಟಪಾಲು ಡಬ್ಬಿಗೇ ಹಾಕ್ಬಿಟ್ಟೆ. ಚೆನ್ನಾಗಿ ಅಂಟಿಸಿದೀನಿ."

ಅದು ಮನೆಗೆ ಬರೆಯುವ ಕಾಗದಗಳ ಡಬ್ಬಿ. ಮುದ್ರೆಯೂ ಇಲ್ಲ, ಸಾಕ್ಷಿಯೂ ಇಲ್ಲ. ಇನ್ನು ತೆಗೆಯುವುದು ಸೋಮವಾರವೇ.

"ಬುದ್ಧಿ ಎಲ್ಲಿಟ್ಟಿದ್ಯೋ? ನಡಿ!"

ಕಿಟಕಿಯಲ್ಲಿ ಮ್ಯಾಥಿಸ್ ಊಟದ ಚೀಲ ಹೆಗಲಿಗೆ ಹಾಕುತ್ತಿದ್ದಳು. ನಾನು ಈ ಜೈಲಿನಲ್ಲಿ ಯಾರಿಗೂ ಕೈಮುಗಿದವನಲ್ಲ. ಅವತ್ತು ಮುಗಿದೆ.

"ಏನ್ ಅಜ್ಜಾ, ನಿಂಗೂ ನಡುಗುತ್ತಾ?" ಎಂದಳು. ಆದರೆ ಬೀಗದಕೈ ತೆಗೆದುಕೊಂಡು ಬಂದು ಡಬ್ಬಿ ತೆರೆದಳು, ಹುಡುಕಿದಳು, ಕಿಟಕಿಗೆ ವಾಪಸು ತಂದು ಅಂಟು ಬಿಡಿಸಿ ನೋಡಿ ಮುದ್ರೆ ಒತ್ತಿದಳು.

ಸೋಮವಾರದ ದಿನಾಂಕ.

ಶುಕ್ರವಾರ ಹೊರಡುವ ಮುಂಚೆ ಆಕೆ ಮುದ್ರೆಯ ಗಾಲಿಗಳನ್ನು ಸೋಮವಾರಕ್ಕೆ ತಿರುಗಿಸಿಡುವುದು ವಾಡಿಕೆ. "ಥೂ, ಹಾಳಾದ್ದು," ಎಂದು ಗೊಣಗಿ, ಗಾಲಿ ಹಿಂದಕ್ಕೆ ತಿರುಗಿಸಿ, ಪಕ್ಕದಲ್ಲಿ ಇನ್ನೊಂದು ಒತ್ತಿದಳು. ಮೊದಲನೆಯದನ್ನು ಪೆನ್ನಿನಿಂದ ಹೊಡೆದುಹಾಕಿ ಸಹಿ ಮಾಡಿದಳು. ಪಿಂಡರ್ ರುಜು ಹಾಕಿದ. ಒಂದೇ ಲಕೋಟೆಯ ಮೇಲೆ ಎರಡು ದಿನ. ಗಡುವು ಮೀರಿತು ಎನ್ನಲು ಸರ್ಕಾರಿ ವಕೀಲನಿಗೆ ಇದಕ್ಕಿಂತ ಇನ್ನೇನು ಬೇಕು?

ಸಂಜೆ ಪಿಂಡರ್ ನೂಡಲ್ಸಿನ ಎರಡು ಪೊಟ್ಟಣ ತಂದು ನನ್ನ ಮುಂದಿಟ್ಟ.

"ಎರಡನೇ ಮುದ್ರೇನೇ ನೋಡ್ತಾರೆ ಅಲ್ವಾ ಅಂಕಲ್?"

"ನೋಡ್ಬಹುದು."

"ಬಹುದಾ?" ಅವನ ಮುಖ ಬಿಳಿಚಿತು. "ನಿನ್ನೇನೇ ಕೊಟ್ಟಿದ್ರೆ ಆಗ್ತಿರ್ಲಿಲ್ವಾ?"

ನಿನ್ನೆ ಏನು, ಜೂನ್ ತಿಂಗಳಲ್ಲೇ ಆಗುತ್ತಿತ್ತು. ಅರ್ಜಿ ಆಗಲೇ ಸಿದ್ಧವಿತ್ತು. ನನ್ನ ಸ್ವಂತ ಅರ್ಜಿ, ಬರೆದದ್ದೆಲ್ಲ ನಿಜ ಎಂಬ ಪ್ರಮಾಣದ ಒಂದು ಸಾಲು ಬಿಟ್ಟುಹೋಗಿ ತಿರಸ್ಕಾರವಾದಂದಿನಿಂದ ನನಗೆ ಯಾವ ಕಾಗದವನ್ನೂ ಕೈಬಿಡಲು ಧೈರ್ಯವಿಲ್ಲ. ಅವನದನ್ನು ಮೂರು ತಿಂಗಳು ಕಪಾಟಿನಲ್ಲಿಟ್ಟುಕೊಂಡು ನಾಲ್ಕು ಸಲ ತಿದ್ದಿದ್ದೆ, ಇನ್ನೂ ಸರಿಯಾಗಿಲ್ಲ ಎಂದು ಅವನಿಗೆ ಹೇಳುತ್ತಾ. ನಾಲ್ಕನೆಯ ಸಲ ಬದಲಾಗಿದ್ದು ಎರಡು ಅಲ್ಪವಿರಾಮ.

ಪೊಟ್ಟಣಗಳನ್ನು ಅವನ ಕಡೆಗೆ ತಳ್ಳಿದೆ.

"ಆಗ್ತಿತ್ತು ಕಣಪ್ಪಾ," ಎಂದೆ.