ಚೋತ್ ಬಳಸಿದ ಮೊಲ

ಕಣ್ಣಿನ ಪೊರೆ ತೆಗೆಸಿಕೊಂಡು ತಂಗಿಯ ಮನೆಯಲ್ಲಿ ಕೆಲವು ದಿನ ಉಳಿದಿದ್ದ ಲಮೂನ್, ದೋಣಿಯಿಂದಿಳಿದು ತನ್ನ ಮನೆಯ ಕಾಲುವೆ ಮೆಟ್ಟಿಲು ಹತ್ತಿದಾಗ, ತಿಳಿಯಾದ ಕಣ್ಣಿಗೆ ಮೊದಲು ಬಿದ್ದದ್ದು ಅಡುಗೆಮನೆಯ ಮೂಲೆಯ ಖಾಲಿ ಜಾಗ. ಒಲೆಯ ಎಡಗಡೆ ನೆಲದ ಹಲಗೆಯಲ್ಲಿ ಕಾಲುಗಳು ಒತ್ತಿ ಒತ್ತಿ ಮಾಡಿದ್ದ ಗುಳಿಗಳು ಮಾತ್ರ ಉಳಿದಿದ್ದವು. ಕಾಯಿ ತುರಿಯುವ ಮರದ ಮೊಲವಿರಲಿಲ್ಲ.

"ಪಯೋಮ್, ಮೊಲ ಎಲ್ಲಿ?"

ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದ ಸೊಸೆ ತಲೆಯೆತ್ತಲಿಲ್ಲ. "ಅತ್ತೆ, ಮೊದಲು ಕೂತ್ಕೊಳ್ಳಿ. ದಣಿದು ಬಂದಿದೀರಿ."

"ನಾನು ಕೂತ್ಕೊಳ್ಳೋದು ಅದರ ಮೇಲೇ ಕಣೇ. ಎಲ್ಲಿ ಅದು?"

"ವಿಹಾರಕ್ಕೆ ಕೊಟ್ಟೆ. ಹಳೇ ಸಾಮಾನು ಇಡೋಕೆ ಅಲ್ಲಿ ಹೊಸ ಕೋಣೆ ಮಾಡಿದಾರೆ, ಎಲ್ಲಾ ಮನೆಯೋರೂ ಒಂದೊಂದು ಕೊಟ್ರು. ಮಾವನ ಹೆಸರಲ್ಲಿ ಧಾರೆ ಎರೆದೇ ಕೊಟ್ಟಿದೀನಿ ಅತ್ತೆ. ಪುಣ್ಯ ಅವರಿಗೇ ಮುಟ್ಟುತ್ತೆ."

ಲಮೂನ್ ಕೈಯಲ್ಲಿದ್ದ ಗಂಟನ್ನು ನಿಧಾನವಾಗಿ ಕೆಳಗಿಟ್ಟಳು. "ಅಂದ್ರೆ ಈಗ ನಿಮ್ಮ ಮಾವ ಅಲ್ಲಿ ಮೊಲದ ಮೇಲೆ ಕೂತು ಕಾಯಿ ತುರೀತಾ ಇದಾರೆ. ಬದುಕಿದ್ದಾಗ ಒಂದು ಹೋಳು ತುರಿದೋರಲ್ಲ. ನೀನು ಪುಣ್ಯ ಕಳಿಸಿದೀಯೋ, ಶಿಕ್ಷೆ ಕಳಿಸಿದೀಯೋ?"

ಪಯೋಮ್‌ಗೆ ನಗು ಬಂತು. ಅತ್ತೆಯ ಮುಖ ನೋಡಿ ಅದನ್ನು ನುಂಗಿಕೊಂಡಳು.

ಆ ತುರಿಮಣೆಯನ್ನು ಮದುವೆಯ ವರ್ಷ ಹಲಸಿನ ಮರದಲ್ಲಿ ಕೆತ್ತಿದವನು ಲಮೂನಳ ಗಂಡ ಚೋತ್. ನೆಗೆಯಲು ಹವಣಿಸುವಂತೆ ಕುಳಿತ ಮೊಲ, ಹಿಂದಕ್ಕೆ ಮಡಿಸಿದ ಕಿವಿ, ಬಾಯಿಂದ ಹೊರಚಾಚಿದ ಹಲ್ಲುಹಲ್ಲಿನ ಕಬ್ಬಿಣದ ನಾಲಿಗೆ. ಉಳಿ ಜಾರಿ ಒಂದು ಕಿವಿ ಗಿಡ್ಡವಾಗಿತ್ತು. ಕೆತ್ತಿ ಹೆಂಡತಿಯ ಕೈಗೆ ಕೊಟ್ಟಮೇಲೆ ಅವನು ಅದರತ್ತ ತಿರುಗಿ ನೋಡಿದವನಲ್ಲ. ಅದರ ಬೆನ್ನನ್ನು ಕನ್ನಡಿಯಂತೆ ನುಣುಪು ಮಾಡಿದ್ದು, ಒಂದೇ ಪಕ್ಕಕ್ಕೆ ಕಾಲು ಮಡಿಸಿ ಕೂತು ಆಯುಷ್ಯವನ್ನೆಲ್ಲ ತುರಿದ ಲಮೂನಳ ಮೈ. ಗಂಡ ಹೋದಮೇಲೆ ಪ್ರತಿವರ್ಷ ಸಾಟ್ ಹಬ್ಬದಲ್ಲಿ, ಸತ್ತವರಿಗೆಂದು ಭಿಕ್ಷುಗಳಿಗೆ ಅರ್ಪಿಸುವ ಕ್ರಯಾಸಾಟ್ ಮಿಠಾಯಿಗೆ, ಅರಳು, ಎಳ್ಳು, ತಾಳೆಬೆಲ್ಲದ ಜೊತೆ ಆ ಮೊಲದ ಮೇಲೆ ತುರಿದ ಕಾಯಿಯ ಹಾಲನ್ನೇ ಹಾಕುತ್ತ ಬಂದಿದ್ದಳು. ಈ ವರ್ಷದ ಹಬ್ಬ ಹತ್ತಿರವಾಗಿತ್ತು.

"ಹೋಗಿ ತರೋಣ ನಡಿ."

"ಅಯ್ಯೋ ಬೇಡ ಅತ್ತೆ. ವಿಹಾರದ ಮರಳು ಕಾಲಿಗಂಟಿ ಬಂದ್ರೇ ಋಣ ಅಂತ ಹೊಸವರ್ಷಕ್ಕೆ ಮರಳು ಹೊತ್ತು ಹಾಕಿ ಬರ್ತೀವಿ. ಕೊಟ್ಟಿರೋದನ್ನ ಎತ್ಕೊಂಡು ಬಂದ್ರೆ ಏನು ಗತಿ? ಕಾಯಿಹಾಲು ಸಂತೆಯಲ್ಲೇ ಸಿಗುತ್ತೆ. ಯಂತ್ರದಲ್ಲಿ ತುರಿದುಕೊಡ್ತಾರೆ."

"ಯಂತ್ರದ ಹಾಲು ನೀನು ಸತ್ತಮೇಲೆ ನಿನ್ನ ಸೊಸೆ ಕೊಡ್ತಾಳೆ, ಕುಡಿ. ಈಗ ನಡಿ."

ಕೊಟ್ಟದ್ದನ್ನು ಮರಳಿ ಕೇಳಬಾರದೆಂಬುದು ಲಮೂನಳಿಗೂ ಗೊತ್ತಿತ್ತು. ದೋಣಿಯ ದಾರಿಯಲ್ಲಿ, ಒಮ್ಮೆ ನೋಡಿ, ಬೆನ್ನು ಸವರಿ ಬಂದರೆ ಸಾಕೇನೋ ಎಂದೂ ಒಂದು ಗಳಿಗೆ ಮನಸ್ಸು ಮೆತ್ತಗಾಗಿತ್ತು.

ವಿಹಾರದ ಕೋಣೆಯೊಳಗೆ ಹೋದಳು. ಗಾಜಿನ ಪೆಟ್ಟಿಗೆಯಲ್ಲಿ ಮೊಲ ಮಿರಮಿರನೆ ಹೊಳೆಯುತ್ತಿತ್ತು. ಯಾರೋ ವಾರ್ನಿಶ್ ಬಳಿದಿದ್ದರು. ಕಬ್ಬಿಣದ ಹಲ್ಲಿಗೆ ಕೆಂಪು ಬಟ್ಟೆ ಸುತ್ತಿದ್ದರು. ಪಕ್ಕದಲ್ಲಿ ಬಣ್ಣದ ಅಕ್ಷರಗಳ ಮರದ ಹಲಗೆ: "ತೆಂಗಿನಕಾಯಿ ತುರಿಯುವ ಮೊಲ. ದಿವಂಗತ ಚೋತ್ ಅವರು ಬಳಸಿದ್ದು. ಮುಟ್ಟಬೇಡಿ."

ಅವಳು ಹೊಸ ಕಣ್ಣಿನಿಂದ ಮತ್ತೆ ಓದಿದಳು. ಬಳಸಿದ್ದು. ಮೈಯೆಲ್ಲ ಉರಿದುಹೋಯಿತು.

ವಿಹಾರದ ಹಿರಿಯ ಭಿಕ್ಷುಗಳು ಕೋಣೆಗೆ ಜನ ಬಂದದ್ದು ತಿಳಿದು ಬಂದರು. ಎಳೆಯ ವಯಸ್ಸಿನಲ್ಲಿ ಅದೇ ವಿಹಾರಕ್ಕೆ ಸೇರಿ, ಲಮೂನಳ ಮಿಠಾಯಿ ತಿಂದು ಬೆಳೆದವರು. ಅವಳು ಮೊಣಕಾಲೂರಿ ನಮಸ್ಕರಿಸಿದಳು. ಎದ್ದದ್ದು ಮಾತ್ರ ಜಗಳಕ್ಕೆ.

"ಗುರುಗಳೇ, ಈ ಹಲಗೆ ಬರೆದೋರು ಯಾರು?"

"ನಾನೇ ಬರೆಸಿದ್ದು ಅಜ್ಜಿ. ಚೋತ್ ತಾತನ ನೆನಪಿಗೆ ಅಂತ."

"ತಾತ ಇದರ ಮೇಲೆ ಕೂತದ್ದನ್ನ ನೀವು ಕಂಡಿದೀರಾ?"

ಅವರು ಯೋಚಿಸಿದರು. "ಇಲ್ಲ."

"ಬಟ್ಟಲು ಹಿಡ್ಕೊಂಡು ನಮ್ಮ ಮೆಟ್ಟಿಲಿಗೆ ಬರ್ತಿದ್ರಲ್ಲ, ಆಗ ಇದರ ಮೇಲೆ ಯಾರು ಇರ್ತಿದ್ರು?"

"ನೀವು."

"ಹಾಗಾದ್ರೆ ನಾನು ಸತ್ತಿಲ್ಲ ಅನ್ನೋದೇ ನನ್ನ ತಪ್ಪಾ? ಸತ್ತೋರ ಹೆಸರು ಮಾತ್ರ ಬರೆಯೋದಾ ಇಲ್ಲಿ?"

ಪಯೋಮ್ ಅವಳ ಸೆರಗಿನ ತುದಿ ಎಳೆದಳು. "ಅತ್ತೆ, ಪಾಪ ಸುತ್ಕೊಳ್ಳುತ್ತೆ."

"ಸುಮ್ನಿರೇ. ಪಾಪದ ಮಾತೇ ಆಡ್ತಿದೀನಿ." ಲಮೂನ್ ಕೈ ಜೋಡಿಸಿಕೊಂಡೇ ಮುಂದುವರಿಸಿದಳು. "ಪ್ರತಿ ಉಪೋಸಥ ವ್ರತದ ದಿನ ನೀವು ಶೀಲ ಹೇಳಿಕೊಡ್ತೀರಿ, ನಾವು ಹೇಳ್ತೀವಿ: ಕೊಡದಿದ್ದ ವಸ್ತು ತಗೊಳ್ಳಲ್ಲ ಅಂತ. ಈ ಮೊಲ ನನ್ನದು. ಅವರು ಕೆತ್ತಿ ನನಗೆ ಕೊಟ್ಟಿದ್ದು. ನಾನು ಯಾರಿಗೂ ಕೊಟ್ಟಿಲ್ಲ. ಕೊಡೋಕೆ ಇವಳ್ಯಾರು? ಕೇಳದೆ ತಗೊಳ್ಳೋಕೆ ವಿಹಾರ ಯಾರು?"

ಪಯೋಮ್ ನೆಲ ನೋಡಿದಳು. ಅವಳಿಗೆ ಮೊದಲ ಸಲ ಭಯವಾದದ್ದು ಅತ್ತೆಗಾಗಿ ಅಲ್ಲ, ತನಗಾಗಿ.

"ನೀವು ಹೇಳಿದ್ದು ಸರಿ ಅಜ್ಜಿ. ಮನೆಯಲ್ಲಿದ್ದದ್ದೆಲ್ಲ ಮನೆಯವರೆಲ್ಲರದು ಅಂದುಕೊಂಡೆ. ವಿಚಾರಿಸಬೇಕಿತ್ತು." ಭಿಕ್ಷುಗಳು ಗಾಜಿನ ಬೀಗ ತೆಗೆಸಿದರು. "ತಗೊಂಡು ಹೋಗಿ. ಇದು ಯಾವತ್ತೂ ವಿಹಾರದ್ದಾಗಿರಲಿಲ್ಲ, ಋಣದ ಮಾತೇ ಇಲ್ಲ."

"ಹಲಗೆಯನ್ನೂ ಕೊಡಿ."

"ಅದು ಯಾಕೆ?"

"ಸುಳ್ಳು ವಿಹಾರದಲ್ಲಿ ಇರಬಾರದು."

ಅವರು ನಗಲು ಹೋಗಿ, ನಗದೆ, ಹಲಗೆಯನ್ನು ಪಯೋಮ್‌ಗೆ ಕೊಡಿಸಿದರು. ದೋಣಿಯವರೆಗೆ ಮೊಲವನ್ನು ಎದೆಗವಚಿ ಹೊತ್ತವಳೂ ಅವಳೇ.

"ಮಾವನಿಗೆ ಹೋದ ಪುಣ್ಯ ಈಗ ವಾಪಸ್ ಬರುತ್ತಾ ಅತ್ತೆ?" ನಡುಗಾಲುವೆಯಲ್ಲಿ ಅವಳು ಅಳುಕುತ್ತ ಕೇಳಿದಳು.

"ಬರಲಿ. ಅವರು ಮೊಲ ಕೇಳಿದೋರಲ್ಲ, ಮಿಠಾಯಿ ಕೇಳಿದೋರು."

ಹಬ್ಬದ ಹಿಂದಿನ ದಿನ ಲಮೂನ್ ಬೂದಿ, ತೆಂಗಿನ ನಾರು ಹಾಕಿ ಮೊಲದ ಬೆನ್ನನ್ನು ಉಜ್ಜಿದಳು. ವಾರ್ನಿಶ್ ಪೂರ್ತಿ ಹೋಗಲಿಲ್ಲ. ಗಿಡ್ಡ ಕಿವಿಯ ಸಂದಿಯಲ್ಲಿ ಹೊಳಪು ಹಾಗೇ ಉಳಿಯಿತು. ಅದನ್ನು ಕಂಡಾಗಲೆಲ್ಲ ಅವಳು ಒಂದು ಬೈಗುಳ ಗೊಣಗಿದಳು. ಮೊದಲ ಕಾಯಿಯ ತುರಿ ವಾರ್ನಿಶ್ ವಾಸನೆ ಹೊಡೆಯಿತೆಂದು ಕೋಳಿಗಳಿಗೆ ಎಸೆದಳು. ಎರಡನೆಯದನ್ನು ಮೂಸಿ ನೋಡಿ ಬಟ್ಟಲಿಗೆ ಹಾಕಿದಳು.

"ನಾನು ತುರೀಲಾ ಅತ್ತೆ?" ಎಂದಳು ಪಯೋಮ್.

"ಕೇಳಿದೆಯಲ್ಲ, ಈಗ ಸರಿ. ಬೇಡ. ನೀನು ಒಲೆ ನೋಡು, ಉರಿ ಸಾಲದು."

ಪಯೋಮ್ ಸೌದೆಗೆಂದು ಸುತ್ತ ನೋಡಿದಳು. ಗೋಡೆಗೆ ಒರಗಿದ್ದ ಹಲಗೆಯನ್ನು ಎತ್ತಿಕೊಂಡು, ಕೇಳಲೋ ಬೇಡವೋ ಎಂಬಂತೆ ಅತ್ತೆಯ ಕಡೆ ತಿರುಗಿದಳು.

ಲಮೂನ್ ತುರಿಯುವುದನ್ನು ನಿಲ್ಲಿಸಲಿಲ್ಲ. "ಹಾಕು," ಎಂದಳು.